ಬೇವಿನ ಮೂಲೆಯ ಚರಗ

ನನ್ನ ಗಂಡ ರಾಜಕಾರಣಕ್ಕೆ ಬಿದ್ದದ್ದು ಆಳಂದದ ಒಂದು ಗಟಾರದಿಂದ. ನಗಬೇಡಿ, ನಿಜ ಹೇಳುತ್ತಿದ್ದೇನೆ. ಅವರು ಅಲ್ಲಿ ವಕೀಲರು. ನಮ್ಮ ಓಣಿಯ ಗಟಾರ ಪ್ರತಿ ಮಳೆಗಾಲವೂ ತುಂಬಿ ಮನೆಗಳೊಳಗೆ ನುಗ್ಗುತ್ತಿತ್ತು. ಇವರು ತಹಸೀಲ್ದಾರರ ಬೆನ್ನು ಹತ್ತಿ ಅದನ್ನು ಕಟ್ಟಿಸಿದರು. ಓಣಿಯವರಿಗೆ ಇಷ್ಟು ಸಾಕಾಯಿತು, ಇವರನ್ನು ಊರ ಕಮಿಟಿಗೆ ಕೂಡಿಸಿಯೇ ಬಿಟ್ಟರು. ಆ ಗಟಾರ ತಾನಾಗಿಯೇ ಹರಿದಿದ್ದರೆ ನನಗೂ ಎಲ್ಲರಂತೆ ಒಬ್ಬ ಗಂಡ ಇರುತ್ತಿದ್ದ.

ನಾನು ಅಫಜಲಪುರದ ಕಡೆಯವಳು, ಭೀಮಾ ದಂಡೆಯವಳು. ಹತ್ತು ಮಂದಿ ಒಟ್ಟಿಗೆ ಕೂತು ಉಣ್ಣುವ ಮನೆಯಿಂದ ಬಂದವಳು. ಆಳಂದದಲ್ಲಿ ನಮ್ಮ ಪಡಸಾಲೆಯ ತುಂಬ ಮಂದಿ ಇರುತ್ತಿದ್ದರು, ಅಡುಗೆಮನೆಯಲ್ಲಿ ನಾನೊಬ್ಬಳೇ. ಗಂಡನ ದನಿ ಗೋಡೆಯ ಆಚೆಯಿಂದ ಕೇಳುತ್ತಿತ್ತು. ಚಹಾ ಬೇಕಾದಾಗ ಮಾತ್ರ ಅದು ನನ್ನ ಕಡೆ ತಿರುಗುತ್ತಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಕಟ್ಟಿದವರು ನಮ್ಮ ಪಡಸಾಲೆಯನ್ನು ನೋಡಿಯೇ ಕಟ್ಟಿರಬೇಕು.

ಊರ ಕಮಿಟಿಯಿಂದ ಕಲಬುರ್ಗಿಯ ಜಿಲ್ಲಾ ಬೋರ್ಡು, ಅಲ್ಲಿಂದ ಹೈದರಾಬಾದು. ಮೊದಲ ಸಲ ಅವರು ಹೈದರಾಬಾದಿನ ಸಭೆಗೆ ಹೋದಾಗ ನಾನು ಕೂಸನ್ನು ಕಟ್ಟಿಕೊಂಡು ಜೇವರ್ಗಿ ಕಡೆಯ ಅತ್ತೆಯ ಊರಿಗೆ ಹೋಗಿದ್ದೆ. ನಮ್ಮ ಹೊಲ ಮನೆ ಇದ್ದದ್ದು ಅಲ್ಲಿಯೇ. ಮಗಳು ಆಗಷ್ಟೇ ಗೋಡೆ ಹಿಡಿದು ನಿಲ್ಲಲು ಕಲಿತಿದ್ದಳು. ಜ್ವರ ಬಂತು, ಏರಿತು, ಇಳಿಯಲಿಲ್ಲ. ಎಳೆಯ ಕೂಸುಗಳನ್ನು ನಮ್ಮಲ್ಲಿ ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಮಾವನೂ, ನಮ್ಮ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಮುದುಕನೂ ಅವಳನ್ನು ಹಳ್ಳದ ದಂಡೆಯ ಮೂಲೆಗೆ, ಬೇವಿನ ಗಿಡದ ಬುಡಕ್ಕೆ ಒಯ್ದರು.

ಸುದ್ದಿ ಮುಟ್ಟಿ ಇವರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗೋಡೆಗೆ ಮುಖ ಮಾಡಿ ಅತ್ತರು. ಅವರಿಗೆ ಕರುಳಿರಲಿಲ್ಲ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಹೊಲಕ್ಕೆ ಕರೆದೊಯ್ಯಬೇಕು ಎನ್ನುವಷ್ಟರಲ್ಲಿ ಆಳಂದದಿಂದ ಮಂದಿ ಬಂದು ಅಂಗಳದಲ್ಲಿ ನಿಂತಿದ್ದರು, ಏನೋ ತಂಟೆ, ವಕೀಲರು ಬರಲೇಬೇಕಂತೆ.

"ಎಳ್ಳಮಾಸಿಗಿ ಬರ್ತೇನಿ. ಆ ಮೂಲ್ಯಾಗ ನಾನ ನಿಂತು ಚರಗ ಚೆಲ್ತೇನಿ," ಎಂದು ನನಗೆ ಹೇಳಿ ಹೋದರು.

ಎಳ್ಳಮಾವಾಸ್ಯೆ ನಮ್ಮ ಸೀಮೆಗೆ ದೊಡ್ಡ ಹಬ್ಬ. ಅಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಬಸುರಿ ಭೂಮಿತಾಯಿಗೆ ಬಯಕೆಯೂಟ ಅದು. ಮನೆಯ ಗಂಡಸು ಮುಂದೆ ಮುಂದೆ ಅಂಬಲಿ, ಕಾಳು ಸೊಪ್ಪು ಕುದಿಸಿದ ಭಜ್ಜಿ, ಕಡಬು ಕಲಸಿದ ಚರಗವನ್ನು ಬೆಳೆಯೊಳಗೆ ಚೆಲ್ಲುತ್ತ "ಓಲಗ್ಯಾ, ಓಲಗ್ಯಾ" ಎಂದು ಕೂಗುತ್ತಾನೆ. ಹಿಂದೊಬ್ಬರು ತಂಬಿಗೆಯ ನೀರು ಚಿಮುಕಿಸುತ್ತ ಅದಕ್ಕೆ ಮರುಕೂಗು ಕೊಡಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಬೇವಿನ ಬುಡದಲ್ಲಿ ಅವರು ಮುಂದೆ, ನಾನು ಹಿಂದೆ, ಒಂದು ಸಲ, ಒಂದೇ ಸಲ ನಡೆಯಬೇಕು ಎಂಬುದೇ ನನ್ನ ಹಂಬಲ.

ಆ ವರ್ಷ ಅವರು ಹೊರಟದ್ದೇನೋ ನಿಜ. ಆದರೆ ಅಂದು ದಾರಿಯಲ್ಲಿ ಹೋಗುವವರನ್ನು ಯಾರೂ ಉಣ್ಣಿಸದೆ ಬಿಡುವುದಿಲ್ಲ, ಕರೆದ ಹೊಲದ ತುತ್ತನ್ನು ಒಲ್ಲೆ ಅಂದರೆ ಬೆಳೆಗೆ ಕೇಡು. ಅದರಲ್ಲೂ ಇವರು ನಾಲ್ಕು ಮಂದಿಗೆ ಬೇಕಾದವರು. ಈ ಹೊಲದಲ್ಲಿ ಸಜ್ಜಿ ರೊಟ್ಟಿ, ಆ ಹೊಲದಲ್ಲಿ ಶೇಂಗಾ ಹೋಳಿಗೆ, ಮತ್ತೊಂದರಲ್ಲಿ ಒಂದು ಬಟ್ಟಲು ಅಂಬಲಿ. ಹೀಗೆ ಊರವರ ಹೊಲವನ್ನೆಲ್ಲ ಉಂಡು ನಮ್ಮ ಹೊಲಕ್ಕೆ ಬಂದಾಗ ದೀಪ ಹಚ್ಚುವ ಹೊತ್ತು. ನಾನು ಹಸಿದು ಕೂತಿದ್ದೆ. ಪಾಲಿನ ಮುದುಕ ಹೊಲದ ಚರಗವನ್ನು ಮುಗಿಸಿದ್ದ, ಬೇವಿನ ಮೂಲೆಯದನ್ನು ಮಾತ್ರ ನಾನು ಉಳಿಸಿಕೊಂಡಿದ್ದೆ.

"ಕತ್ತಲಾಗೇದ. ಹಳ್ಳದ ಕಡಿ ಹುಳ ಹುಪ್ಪಡಿ ಇರ್ತಾವ. ಬರೋ ಎಳ್ಳಮಾಸಿಗಿ ನೋಡೂಣು," ಎಂದರು.

ಮುಂದಿನ ಎಳ್ಳಮಾವಾಸ್ಯೆಗೆ ಹೈದರಾಬಾದಿನಲ್ಲಿ ಸಭೆ. ಅದರ ಮರುವರ್ಷವೂ ಸಭೆ. ನಿಜಾಮರ ಆಳ್ವಿಕೆ ಮುಗಿಯುವ ಮುಂಚಿನ ಗದ್ದಲದಲ್ಲಿ ಅವರು ಗಡಿಯಾಚೆ ಸೊಲ್ಲಾಪುರದ ಕಡೆ ತಲೆಮರೆಸಿಕೊಂಡಿದ್ದರು. ಆ ವರ್ಷ ಹೊಲಕ್ಕೆ ಹೋಗಲು ಎಲ್ಲರಿಗೂ ಹೆದರಿಕೆ. ಅತ್ತೆ ಮಾವ ಇಬ್ಬರೂ ಒಬ್ಬರ ಹಿಂದೊಬ್ಬರು ತೀರಿಕೊಂಡರು. ನನಗೆ ಮತ್ತೆ ಮಕ್ಕಳಾಗಲಿಲ್ಲ. ಆಗುವುದಾದರೂ ಹೇಗೆ, ಗಂಡ ಮನೆಯಲ್ಲಿದ್ದರೆ ತಾನೆ. ಸಂಜೆ ಒಂದೇ ರೊಟ್ಟಿ ಬಡಿಯುವಾಗ ಆ ಸದ್ದು ಕೇಳಿ ನನಗೇ ಬೇಸರವಾಗುತ್ತಿತ್ತು. ಬೇಕೆಂದೇ ಎರಡು ಬಡಿಯುತ್ತಿದ್ದೆ.

ಆಮೇಲೆ ಅವರನ್ನು ದಿಲ್ಲಿಗೇ ಆರಿಸಿ ಕಳಿಸಿದರು. ಓಣಿಯ ಹೆಂಗಸರು ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದರು. "ನಿಮ್ಮ ದೈವ ದೊಡ್ಡದ್ರಿ ಅಕ್ಕಾರ," ಎಂದರು. ಸಕ್ಕರೆ ನುಂಗಿದೆ.

ದಿಲ್ಲಿಗೆ ಹೋದ ಮೊದಲ ವರ್ಷವೇ ಅವರು ಎಳ್ಳಮಾವಾಸ್ಯೆಗೆ ಬಂದರು. ನನಗೆ ನಂಬಿಕೆಯೇ ಇರಲಿಲ್ಲ. ಬೆಳಗಿನ ಜಾವದಲ್ಲೇ ಎದ್ದು ಭಜ್ಜಿ ಕುದಿಸಿದೆ, ಕಡಬು ಕಟ್ಟಿದೆ, ಹಸಿರು ಇಳಕಲ್ ಸೀರೆ ಉಟ್ಟೆ. ಮೋಟಾರು ಬಂತು, ಅದರ ಹಿಂದೆ ಬಂಡಿಗಳು, ಬಂಡಿಗಳ ಹಿಂದೆ ಮಂದಿ. ಇವರು ಧೋತರದ ಚುಂಗು ಎತ್ತಿಕಟ್ಟಿ ಚರಗದ ಬುಟ್ಟಿ ಹಿಡಿದರು. ನಾನು ತಂಬಿಗೆಗೆ ಕೈ ಹಾಕಿದ್ದೆ. ಅಷ್ಟರಲ್ಲಿ ಒಬ್ಬ ಬಂದು, "ನೀವ್ಯಾಕ ತ್ರಾಸ ತಗೋತೀರಿ ಅವ್ವಾರ, ಕೊಡ್ರಿ ಇಲ್ಲಿ," ಎಂದು ಅದನ್ನು ಕಸಿದುಕೊಂಡೇ ಹೋದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅವರು "ಓಲಗ್ಯಾ" ಎಂದರೆ ಮಂದಿಯೆಲ್ಲ ಮರುಕೂಗು ಕೊಡುತ್ತಿದ್ದರು. ನಾನು ಎಲ್ಲರ ಹಿಂದೆ ಜೋಳದ ಸಾಲಿನಲ್ಲಿ ಬರಿಗೈಯಲ್ಲಿ ನಡೆದೆ. ಅವರು ಹೊಲದ ನಡುವಿನಿಂದ ಹೊರಳಿ, ಬದುವನ್ನು ದಾಟಿ, ಪಕ್ಕದವರ ಹೊಲದಲ್ಲಿ ಚರಗ ಚೆಲ್ಲತೊಡಗಿದರು. ತಮ್ಮ ಹೊಲದ ಗಡಿಯೇ ಅವರಿಗೆ ಮರೆತುಹೋಗಿತ್ತು. ಪಕ್ಕದವನು ಕೈಮುಗಿದು, "ನಮ್ಮ ಭೂಮಿ ಪುಣ್ಯಾ ಮಾಡಿತ್ತ್ರಿ ಸಾಹೇಬ್ರ," ಎಂದ. ಮಂದಿ ನಕ್ಕು ಹೊಗಳಿದರು. ಸಾಹೇಬರಿಗೆ ಎಲ್ಲರ ಹೊಲವೂ ಒಂದೇ ಅಂತೆ.

ಬುಟ್ಟಿ ಬರಿದಾಯಿತು. ನಾನು ಮಂದಿಯನ್ನು ಸರಿಸಿಕೊಂಡು ಅವರ ಹತ್ತಿರ ಹೋಗಿ, "ಬೇವಿನ ಗಿಡದ ಕಡಿ ಉಳೀತ್ರಿ," ಎಂದೆ.

ಹಣೆಗೆ ಕೈ ಅಡ್ಡ ಹಿಡಿದು ಹಳ್ಳದ ಕಡೆ ನೋಡಿದರು.

"ಅದೂ ನಮ್ದೇನ?"

"ಹೌದ್ರಿ, ನಮ್ದ. ನಮ್ಮ ಕೂಸು ಅಲ್ಲೇ ಐತಿ," ಎಂದೆ. ಅವರ ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ಮಂದಿ ಅವರನ್ನು ಊಟಕ್ಕೆ ಕರೆದುಕೊಂಡು ನಡೆದರು. ಅವರು ಹೊರಳಿ ನೋಡುತ್ತಲೇ ಹೋದರು, ಆದರೆ ಹೋದರು.

ಬುತ್ತಿಯ ತಳದಲ್ಲಿ ಉಳಿದಿದ್ದ ಅಂಬಲಿಗೆ ಒಂದು ಕಡಬು ಕಿವುಚಿಕೊಂಡು, ಕುಡಿಯುವ ನೀರಿನ ಚೊಂಬು ಹಿಡಿದು ನಾನೊಬ್ಬಳೇ ಬೇವಿನ ಬುಡಕ್ಕೆ ಹೋದೆ. ಮುಂದೆ ನಡೆಯುವವರ ಕೂಗು ಹಾಕಿ ಚರಗ ಚೆಲ್ಲಿದೆ. ಆಮೇಲೆ ನಾಲ್ಕು ಹೆಜ್ಜೆ ಹಿಂದಕ್ಕೆ ಬಂದು, ನೀರು ಚಿಮುಕಿಸಿ, ನನ್ನ ಕೂಗಿಗೆ ನಾನೇ ಮರುಕೂಗು ಕೊಟ್ಟೆ.