ವಿರಾಗಿಯ ಜಪಾನಿ ಚಿತ್ರ

ಅಮೆರಿಕದ ಟೆಕ್ಸಾಸ್‌ನ ಪ್ಲೇನೋ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಹುಬ್ಬಳ್ಳಿಯ ಅಂಕಲ್ ವೈರಾಗ್ಯವನ್ನು ಜಪಾನಿನಿಂದ ತರಿಸಿ ಫ್ರೇಮ್ ಹಾಕಿಸಿದ್ದರು. ಮರದ ಅಚ್ಚಿನಿಂದ ಕಾಗದದ ಮೇಲೆ ಒತ್ತಿದ ಚಿತ್ರ ಅದು: ಬೌದ್ಧ ಗುಡಿಯೊಂದರ ಕಪ್ಪು ಚಾವಣಿ, ಮೆಟ್ಟಿಲುಗಳ ಮೇಲೆ ಉದುರಿದ ಕೆಂಪು ಎಲೆಗಳು. ಊಟಕ್ಕೆ ಕರೆದವರನ್ನು ಮೊದಲು ಅದರ ಮುಂದೆ ನಿಲ್ಲಿಸುತ್ತಿದ್ದರು. ಗಾಜಿನ ಮೇಲೆ ಇಲ್ಲದ ಧೂಳನ್ನು ಅಂಗಿಯ ತೋಳಿನಿಂದ ಒರೆಸಿ, "ಎಲಿ ಉದುರ್ತಾವ, ಮರ ಅಳೂದಿಲ್ಲ. ನಾವೂ ಬಿಡೂದು ಕಲೀಬೇಕ್ರಿ" ಎನ್ನುತ್ತಿದ್ದರು. ಅಷ್ಟರಲ್ಲಿ ಆಂಟಿಯ ಅಡುಗೆ ತಣ್ಣಗಾಗುತ್ತಿತ್ತು.

ಒಂದು ಏಪ್ರಿಲ್ ಸಂಜೆ ನಾವು ಅವರ ಮನೆಯಲ್ಲಿದ್ದಾಗ ಸುಂಟರಗಾಳಿಯ ಸೈರನ್ ಕೂಗಿತು. ಎಲ್ಲರೂ ಮೆಟ್ಟಿಲ ಕೆಳಗಿನ ಕ್ಲಾಸೆಟ್‌ಗೆ, ಕಿಟಕಿಯಿಲ್ಲದ ಆ ಪುಟ್ಟ ಸಾಮಾನು ಕೋಣೆಗೆ, ಓಡಿದೆವು. ಅಂಕಲ್ ಮಾತ್ರ ಗೋಡೆಯತ್ತ ಓಡಿ, ಚಿತ್ರವನ್ನು ಇಳಿಸಿ, ಎದೆಗವಚಿಕೊಂಡು ಒಳಗೆ ನುಗ್ಗಿದರು. ಒಲೆ ಆರಿಸಿ ಆಂಟಿ ಬರುವಷ್ಟರಲ್ಲಿ ನಿಲ್ಲಲು ಜಾಗವಿರಲಿಲ್ಲ.

"ಅದನ್ನ ಹೊರಗ ಇಡ್ರಿ" ಎಂದರು ಆಂಟಿ.

"ಗಾಜು ಒಡೀತದ. ನೀ ಬಾತ್‌ಟಬ್‌ನ್ಯಾಗ ಕುಂದ್ರು, ಅಲ್ಲೂ ಸೇಫ್ ಅದ" ಎಂದರು ಅಂಕಲ್.

ನಾನು ಜಾಗ ಬಿಡಲು ಹೊರಬರಹೊರಟೆ. ಆಂಟಿ ನನ್ನನ್ನು ಕೈಯಿಂದಲೇ ತಡೆದು, ತಲೆಯ ಮೇಲೆ ದಿಂಬು ಇಟ್ಟುಕೊಂಡು ಬಾತ್‌ರೂಮಿಗೆ ಹೋದರು.

ಗಾಳಿ ನಮ್ಮ ಬೀದಿಗೆ ಬರದೆ ಬೇರೆಡೆ ಹೋಯಿತು. ಅಂಕಲ್ ಚಿತ್ರವನ್ನು ಮೊಳೆಗೆ ಹಾಕಿ, ಓರೆಯಾಗಿದೆಯೇ ಎಂದು ಹಿಂದೆ ಸರಿದು ನೋಡಿ, ನೆಮ್ಮದಿಯಿಂದ ಊಟಕ್ಕೆ ಕೂತರು. ಆಂಟಿ ನಮಗೆಲ್ಲ ಬಿಸಿ ರೊಟ್ಟಿ ಬಡಿಸಿದರು. ಅಂಕಲ್ ತಟ್ಟೆ ಖಾಲಿಯೇ ಇತ್ತು.

"ನನಗ?"

"ನಿಮಗ ಆ ಗುಡ್ಯಾಗ ಪ್ರಸಾದ ಇರ್ತದ. ಅಲ್ಲೇ ಹೋಗಿ ಉಣ್ರಿ" ಎನ್ನುತ್ತ ಆಂಟಿ ರೊಟ್ಟಿ ಬುಟ್ಟಿಯನ್ನು ನನ್ನ ಕಡೆ ಸರಿಸಿದರು.