ಹಿಂದಿನ ಸೀಟಿನ ಭಾರ

ಹಿಕ್ಸ್‌ವಿಲ್‌ನಿಂದ ಮ್ಯಾನ್‌ಹಟನ್‌ಗೆ ಹೋಗುವ ಬೆಳಗಿನ ರೈಲಿನಲ್ಲಿ ಎದುರು ಕುಳಿತಿದ್ದ ಹೆಂಗಸು ಕಿತ್ತಳೆ ಹಣ್ಣು ಸುಲಿಯತೊಡಗಿದಳು. ಬೋಗಿಯ ತುಂಬ ಕಾಫಿಯ ವಾಸನೆ, ಒದ್ದೆ ಕೋಟುಗಳ ವಾಸನೆ. ಅವನ್ನೆಲ್ಲ ಹಿಂದೆ ಹಾಕಿ ಆ ಸಿಪ್ಪೆಯ ಘಾಟು ಮೂಗಿಗೆ ಬಂತು. ಪಕ್ಕದ ಮನೆಯ ಆಂಟಿ ನೆನಪಾದರು. ಬೇಡವೆಂದರೂ ಅವರ ಗಂಡನೂ ನೆನಪಾದರು. ಇಬ್ಬರೂ ಒಂದೇ ಸೈಕಲ್ಲಿನ ಮೇಲಿದ್ದವರಲ್ಲವೇ... ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ನೆನೆಯುವುದು ನನ್ನಿಂದಾಗುವುದಿಲ್ಲ.

ಅದು ಇಬ್ಬರು ಕೂತು ತುಳಿಯುವ ಉದ್ದನೆಯ ಸೈಕಲ್ಲು, ದೂರದ ಪ್ರವಾಸಕ್ಕೆಂದೇ ಮಾಡಿದ್ದು. ಮುಂದೆ ಅಂಕಲ್, ಹಿಂದೆ ಆಂಟಿ. ಹ್ಯಾಂಡಲ್, ಬ್ರೇಕು, ಗೇರು ಎಲ್ಲವೂ ಅಂಕಲ್ ಕೈಯಲ್ಲಿ. ಆಂಟಿಯ ಪಾಲಿಗೆ ತುಳಿಯುವುದೊಂದೇ. ಮೈಸೂರಿನಿಂದ ಬಂದಾಗಿನಿಂದ ಅವರ ಸಂಸಾರವೂ ಹಾಗೇ ನಡೆದಿತ್ತೆಂದು ನನ್ನ ಗುಮಾನಿ. ದಾರಿಯಲ್ಲಿ ಏನೇನು ನೋಡಿದಿರಿ ಎಂದು ಒಮ್ಮೆ ಕೇಳಿದ್ದೆ. “ಇವರ ಬೆನ್ನು ಕಣೇ. ಸಮುದ್ರ ಬಂದ್ರೆ ವಾಸನೇಲಿ ಗೊತ್ತಾಗತ್ತೆ,” ಎಂದು ಆಂಟಿ ನಕ್ಕಿದ್ದರು.

ಪ್ರತಿ ವರ್ಷ ಬೇಸಿಗೆಯ ಕೊನೆಗೆ ನಮ್ಮ ಕಡೆಯ ಕೆಲವು ಗಂಡಸರು ಲಾಂಗ್ ಐಲ್ಯಾಂಡಿನ ತುದಿಯಲ್ಲಿರುವ ಮಾಂಟಾಕ್‌ವರೆಗೆ ಸೈಕಲ್ ತುಳಿಯುತ್ತಿದ್ದರು. ಅಂಕಲ್ ಆಂಟಿಯ ಜೋಡಿ ಸೈಕಲ್ಲು ಪ್ರತಿ ಸಲವೂ ಎಲ್ಲರಿಗಿಂತ ಕೊನೆಗೆ ತಲುಪುತ್ತಿತ್ತು. ಒಂದು ವರ್ಷ ಅಂಕಲ್, ಭಾರ ಇಳಿಸಿ ಎಲ್ಲರಿಗಿಂತ ಮೊದಲು ತಲುಪಬೇಕೆಂದು ಹಟಕ್ಕೆ ಬಿದ್ದರು. ದಪ್ಪ ಟೈರು ಹೋಗಿ ಸಣ್ಣ ಟೈರು ಬಂತು. ಮಡ್‌ಗಾರ್ಡ್, ಸ್ಟ್ಯಾಂಡು, ಬೆಲ್ಲು ಒಂದೊಂದಾಗಿ ಗರಾಜಿನ ಮೂಲೆ ಸೇರಿದವು. ರಾತ್ರಿ ತಂಗುವಾಗ ಬೇಕಾಗುವ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧಕ್ಕೆ ಕತ್ತರಿಸಿದರು. ತಮ್ಮ ಹೊಟ್ಟೆಯನ್ನು ಮಾತ್ರ ಕಂಪನಿ ಫಿಟ್ಟಿಂಗ್ ಎಂಬಂತೆ ಮುಟ್ಟಲಿಲ್ಲ. ಆಮೇಲೆ ಆಂಟಿಯ ಚೀಲದ ಸರದಿ. ದಾರಿಗೆಂದು ಆಂಟಿ ಕಿತ್ತಳೆ ಸುಲಿದು, ಪ್ರತಿ ತೊಳೆಯ ಬಿಳಿ ನಾರು ತೆಗೆದು, ಸ್ಟೀಲಿನ ಡಬ್ಬಿಗೆ ತುಂಬಿಕೊಳ್ಳುತ್ತಿದ್ದರು. “ಇದನ್ಯಾಕೆ ಹೊರಬೇಕು? ದಾರೀಲಿ ಏನಾದ್ರೂ ಸಿಗತ್ತೆ,” ಎಂದು ಅಂಕಲ್ ಅದನ್ನೂ ಇಳಿಸಿದರು. ಭಾನುವಾರದ ಅಭ್ಯಾಸಕ್ಕೆ ಹೊರಟಾಗ ಆ ಡಬ್ಬಿ ಬೇಲಿಯ ಮೇಲಿಂದ ನನ್ನ ಕೈಗೆ ಬಂತು.

ಸೈಕಲ್ಲಿನಿಂದ ಕಳಚುವಂಥದ್ದು ಇನ್ನೇನೂ ಉಳಿಯದಾದಾಗ ಅವರ ಕಣ್ಣು ಹಿಂದಿನ ಸೀಟಿನ ಮೇಲೆ ಬಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಗೆಳೆಯರೆಲ್ಲ ಸೇರುವ ಹೊತ್ತಿಗೆ ಬಚ್ಚಲುಮನೆಯ ತೂಕದ ಯಂತ್ರ ಮನೆಯ ಮುಂದಿನ ಡ್ರೈವ್‌ವೇಗೆ ಬರುತ್ತಿತ್ತು. ಆಂಟಿ ಶೂ ಬಿಚ್ಚಿ, ಬಳೆ ತೆಗೆದು ಅದರ ಮೇಲೆ ನಿಲ್ಲಬೇಕು. ಅಂಕಲ್ ಬಗ್ಗಿ ನೋಡಿ ಬೀದಿಗೆಲ್ಲ ಕೇಳುವಂತೆ ಓದಿ ಹೇಳುತ್ತಿದ್ದರು. “ನಮ್ ಲಗೇಜು ಇಳೀತಾನೇ ಇಲ್ವಲ್ರೀ!” ಎಂದರೆ ಗೆಳೆಯರು ಬಿದ್ದು ಬಿದ್ದು ನಗುತ್ತಿದ್ದರು. ಆಂಟಿಯೂ ನಗುತ್ತಿದ್ದರು... ಆ ನಗುವನ್ನು ನೋಡಲಾಗದೆ ನಾನು ಒಳಗೆ ಹೋಗಿಬಿಡುತ್ತಿದ್ದೆ.

ಬೇಸಿಗೆ ಏರುತ್ತಿದ್ದಂತೆ ತೂಕ ಇಳಿಯತೊಡಗಿತು. ಮೊದಮೊದಲು ನಿಧಾನವಾಗಿ, ಆಮೇಲೆ ದಡದಡನೆ. ಡ್ರೈವ್‌ವೇಯಲ್ಲಿ ಚಪ್ಪಾಳೆ ಬಿದ್ದವು. ಅಂಕಲ್ ಎಲ್ಲರೆದುರು “ಭೇಷ್ ಕಣೇ” ಎಂದು ಆಂಟಿಯ ಬೆನ್ನು ತಟ್ಟಿದರು. ಫ್ಲೋರಲ್ ಪಾರ್ಕ್ ಊರಿನ ನಮ್ಮವರ ಅಂಗಡಿಯಲ್ಲಿ ಬೇಳೆ ಕೊಳ್ಳುವಾಗಲೂ ಅದೇ ಮಾತು. ಬರ್ತ್‌ಡೇ ಪಾರ್ಟಿಗಳಲ್ಲಿ ಹೆಂಗಸರು ಸುತ್ತುಗಟ್ಟಿ ಯಾವ ಡಯಟ್ಟು ಎಂದು ಕೇಳುತ್ತಿದ್ದರು. ಡಯಟ್ಟೇನೂ ಇಲ್ಲ, ಹಸಿವೇ ಆಗುತ್ತಿಲ್ಲ ಎಂದರೆ, ಪುಣ್ಯ ಮಾಡಿದ್ದೀರಿ ಎನ್ನುತ್ತಿದ್ದರು.

ಬೇಲಿಯ ಈಚೆಗಿದ್ದ ನನಗೆ ಕಾಣುತ್ತಿದ್ದದ್ದೇ ಬೇರೆ. ಕತ್ತಿನ ಮೂಳೆ ಎದ್ದಿತ್ತು. ಕಣ್ಣಿನ ಬಿಳಿ ಭಾಗ ಹಳದಿಗೆ ತಿರುಗಿತ್ತು. ಡಾಕ್ಟರ ಹತ್ತಿರ ಹೋಗಿ ಆಂಟಿ ಎಂದು ಗೋಗರೆದೆ. ಅವರು ಒಮ್ಮೆ ಮನೆಯತ್ತ ತಿರುಗಿ ನೋಡಿ, ದನಿ ಇಳಿಸಿ ಹೇಳಿದರು: “ಮಾಂಟಾಕ್ ಒಂದು ಮುಗೀಲಿ ಕಣೇ. ಇಷ್ಟು ವರ್ಷಕ್ಕೆ ಈಗ ಹೊಗಳ್ತಿದಾರೆ. ಡಾಕ್ಟ್ರು ಮತ್ತೆ ತಿನ್ನು ಅಂದ್ಬಿಟ್ರೆ?”

ಅಂಕಲ್‌ಗೂ ಹೇಳಿದೆ. “ಎಲ್ಲಾರ್ಗೂ ಹೊಟ್ಟೆಕಿಚ್ಚು ಕಣಮ್ಮ,” ಎಂದು ಅವರು ಚೈನಿಗೆ ಎಣ್ಣೆ ಬಿಡುವುದನ್ನು ಮುಂದುವರಿಸಿದರು.

ಆ ವರ್ಷ ಅವರ ಸೈಕಲ್ಲು ಎಲ್ಲರಿಗಿಂತ ಮೊದಲು ಮಾಂಟಾಕ್ ಮುಟ್ಟಿತು. ದಾರಿಯುದ್ದಕ್ಕೂ ಗಾಳಿ ಬೆನ್ನಿಗಿತ್ತೆಂದು ಜೊತೆಗೆ ಹೋಗಿದ್ದವರೊಬ್ಬರು ಬಹಳ ದಿನಗಳ ಮೇಲೆ ಹೇಳಿದರು. ಫೋಟೋದಲ್ಲಿ ಅಂಕಲ್ ಎರಡೂ ಕೈ ಮೇಲೆತ್ತಿ ನಿಂತಿದ್ದಾರೆ. ಹಿಂದಿನ ಸೀಟಿನಿಂದ ಇನ್ನೂ ಇಳಿಯಲಾರದೆ ಆಂಟಿ ಹಾಗೇ ಕೂತಿದ್ದಾರೆ. “ಏನು ಸ್ಪೀಡು ಅಂತೀಯ! ಹಿಂದೆ ಯಾರೂ ಕೂತೇ ಇಲ್ಲವೇನೋ ಅನ್ನಿಸ್ತಿತ್ತು,” ಎಂದು ಅಂಕಲ್ ನನ್ನೆದುರೇ ಹೊಗಳಿದರು. ಆಂಟಿಯ ಮುಖ ಅರಳಿತು.

ಹಿಮ ಬೀಳುವ ಮುಂಚೆ ಆಂಟಿ ಹೋಗಿಬಿಟ್ಟರು. ಮೇದೋಜೀರಕದಲ್ಲಿ ಹುಟ್ಟಿದ ಕ್ಯಾನ್ಸರು ಲಿವರ್‌ಗೂ ಹಬ್ಬಿತ್ತು. ತೂಕ ಯಾವಾಗಿನಿಂದ ಇಳಿಯತೊಡಗಿತು ಎಂದು ಆಸ್ಪತ್ರೆಯಲ್ಲಿ ಕೇಳಿದರಂತೆ. ಅಂಕಲ್‌ಗೆ ವಾರವಾರದ ತೂಕವೂ ಬಾಯಿಪಾಠವಾಗಿತ್ತು. ಒಂದನ್ನೂ ತಪ್ಪದೆ ಹೇಳಿದರಂತೆ.

ಕಳೆದ ವಸಂತದಲ್ಲಿ ಅದೇ ಸೈಕಲ್ಲು ಮತ್ತೆ ಡ್ರೈವ್‌ವೇಗೆ ಬಂತು. ಅಂಕಲ್ ಹಿಂದಿನ ಸೀಟಿಗೆ ಒಂದು ಅಕ್ಕಿ ಚೀಲವನ್ನು ಹಗ್ಗದಿಂದ ಬಿಗಿಯುತ್ತಿದ್ದರು. ನಾನು ನೋಡುತ್ತ ನಿಂತದ್ದನ್ನು ಕಂಡು, “ಹಿಂದೆ ಭಾರ ಇಲ್ದಿದ್ರೆ ಇದು ಎಗರತ್ತೆ ಕಣಮ್ಮ. ಸ್ಪೀಡ್ ಹಿಡಿಯೋಕೇ ಆಗಲ್ಲ,” ಎಂದರು. ಗಡ್ಡ ಬೆಳೆದಿತ್ತು. ಹೊಟ್ಟೆ ಕರಗಿತ್ತು.

“ಸ್ವಲ್ಪ ಅಕ್ಕಿ ತೆಗೆದ್ಬಿಡಿ ಅಂಕಲ್,” ಎಂದೆ. “ಇನ್ನೂ ಹಗುರ ಆಗತ್ತೆ.”

ಅವರ ಕೈ ಹಗ್ಗದ ಮೇಲೆಯೇ ನಿಂತುಹೋಯಿತು. ಆಮೇಲೆ ಗಂಟನ್ನು ಇನ್ನೊಮ್ಮೆ ಎಳೆದು, ಒಬ್ಬರೇ ತುಳಿದುಕೊಂಡು ಹೋದರು. ಹಾಗೆ ಅಂದದ್ದಕ್ಕೆ ನನಗೆ ಈಗಲೂ ಬೇಸರವಿಲ್ಲ.

ರೈಲು ಜಮೈಕಾ ಸ್ಟೇಷನ್ ದಾಟಿತು. ಎದುರಿನ ಹೆಂಗಸು ನಾನು ನೋಡುತ್ತಿದ್ದುದನ್ನು ಕಂಡು ನಕ್ಕು ಒಂದು ತೊಳೆ ಕೊಟ್ಟಳು. ಬಿಳಿ ನಾರು ಹಾಗೇ ಇತ್ತು, ತೆಗೆದು ತಿಂದೆ. ಆಂಟಿಯ ಸ್ಟೀಲಿನ ಡಬ್ಬಿ ಇನ್ನೂ ನನ್ನ ಅಡುಗೆಮನೆಯಲ್ಲಿದೆ. ಖಾಲಿ ಡಬ್ಬಿ ವಾಪಸು ಕೊಡಬಾರದು, ಏನಾದರೂ ಮಾಡಿದಾಗ ತುಂಬಿ ಕೊಡೋಣವೆಂದು ಇಟ್ಟುಕೊಂಡಿದ್ದೆ. ಆ ಬೇಸಿಗೆಯಲ್ಲಿ ಏನು ತುಂಬಿ ಕೊಟ್ಟಿದ್ದರೂ ಅವರು ತಿನ್ನುತ್ತಿರಲಿಲ್ಲ... ಈಗ ತೆಗೆದುಕೊಳ್ಳುವುದಕ್ಕೆ ಅವರೇ ಇಲ್ಲ.