ಸೋಸಿದ ರಕ್ತ, ಅಬ್ಬಲಿಗೆ ದಂಡೆ

ನಮ್ಮ ಯಜಮಾನರ ಕರುಳಿನ ಗಡ್ಡೆಯನ್ನು ಡಾಕ್ಟರು ತೆಗೆದರು. ನನ್ನ ಹೆದರಿಕೆ ಮಾತ್ರ ಹಾಗೇ ಉಳಿದಿತ್ತು. ಕ್ಯಾನ್ಸರ್ ತಿರುಗಿ ಬಂದರೆ? ವಾಸ್ಕೋದ ಬಂದರಿನಲ್ಲಿ ಚೀಲ ಹೊತ್ತ ಮೈ, ಈಗ ಮಂಗೋರ್ ಹಿಲ್ಲಿನ ನಮ್ಮ ಮನೆಯ ಏರು ಹತ್ತಲು ಎರಡು ಕಡೆ ಕೂರುತ್ತಿತ್ತು.

ಆಗ ಆಸ್ಪತ್ರೆಯವರು ಕೇಳಿದರು: ರಕ್ತದಿಂದ ಕ್ಯಾನ್ಸರ್ ಕಣಗಳನ್ನು ಬೇರೆ ಮಾಡುವ ಹೊಸ ಉಪಕರಣದ ಸಂಶೋಧನೆ ನಡೆದಿದೆ, ರಕ್ತ ಕೊಡುತ್ತೀರಾ? ಪಕ್ಕದ ಮನೆಯ ಅಜ್ಜಿಗೆ ಡಯಾಲಿಸಿಸ್ ಆಗುವುದನ್ನು ನಾನು ನೋಡಿದ್ದೆ. ರಕ್ತ ಹೊರಗೆ ಹೋಗಿ, ತೊಳೆದುಕೊಂಡು, ಮತ್ತೆ ಒಳಗೆ ಬರುತ್ತದೆ. ಇದೂ ಹಾಗೇ ಎಂದುಕೊಂಡೆ. ಓಣಿಯ ಎಲ್ಲಮ್ಮನ ಗುಡಿಗೆ ಹೋಗಿ, ಇವರ ರಕ್ತ ಸೋಸಿ ಶುದ್ಧವಾಗುವ ತನಕ ಹೂ ಮುಡಿಯುವುದಿಲ್ಲ ಎಂದು ಹರಕೆ ಹೊತ್ತೆ. ಮಂಗಳವಾರ, ಶುಕ್ರವಾರ ಹೂವಿಲ್ಲದೆ ಹೊಸ್ತಿಲು ದಾಟದವಳು ನಾನು.

ಹೇಳಿದ ದಿನ ಇವರ ಹಣೆಗೆ ದೇವಿಯ ಅರಿಶಿನ ಭಂಡಾರ ಹಚ್ಚಿ, ರೊಟ್ಟಿ ಕಟ್ಟಿಕೊಂಡು, ಹೊದೆಯಲು ಚಾದರವನ್ನೂ ಹಿಡಿದು ಹೋದೆ. ಸಂಶೋಧನೆಯ ಹುಡುಗಿ ಹುಬ್ಬಳ್ಳಿ ಕಡೆಯವಳು. ಒಂದು ಸಣ್ಣ ನಳಿಕೆಯಷ್ಟು ರಕ್ತ ತೆಗೆದು, ಹತ್ತಿ ಒತ್ತಿ, "ಆತ್ರಿ ಕಾಕಾ, ಹೋಗ್ರಿ" ಅಂದಳು.

ನಾನು ಏಳಲಿಲ್ಲ. "ತಿರಗಿ ಹಾಕೂದು ಯಾವಾಗವ್ವಾ?"

"ಏನ್ರಿ ಕಾಕು?"

"ರಕ್ತ. ಸೋಸಿದ್ದು."

ಯಜಮಾನರು ನಕ್ಕೇ ಬಿಟ್ಟರು. "ನಾ ಏನ್ ಚಾ ಅದೀನೇನ, ಸೋಸಿ ಮತ್ತ ಕಪ್ಪಿಗೆ ಹಾಕಾಕ!"

ಹುಡುಗಿ ನಗಲಿಲ್ಲ. ಬಿಸ್ಕತ್ತಿನಷ್ಟು ಅಗಲದ, ಗಾಜಿನಂಥ ತಿಳಿ ಪಟ್ಟಿಯೊಂದನ್ನು ನನ್ನ ಅಂಗೈಯಲ್ಲಿಟ್ಟಳು. ಅದರೊಳಗೆ ಕೂದಲೆಳೆಯಂಥ ಕಾಲುವೆಗಳು. "ರಕ್ತ ಇದರಾಗ ಹರೀತೈತ್ರಿ. ಕ್ಯಾನ್ಸರ್ ಕಣ ಸಾಮಾನ್ಯವಾಗಿ ದೊಡ್ಡವು, ಅವು ಬ್ಯಾರೆ ದಾರಿಗೆ ಸರೀತಾವ. ನಾವು ಅವನ್ನ ಹಿಡದು ನೋಡತೀವಿ, ಅಷ್ಟ. ಇದು ಔಷಧ ಅಲ್ಲ. ಇದಿನ್ನೂ ಕಲಿಯಾಕತ್ತೈತಿ. ರೋಗ ಬಂದೈತೋ ಇಲ್ಲೋ ಅನ್ನೂದನ್ನ ನಿಮ್ಮ ಡಾಕ್ಟರು ಸ್ಕ್ಯಾನ್ ನೋಡಿ ಹೇಳ್ತಾರ."

ಚಾದರವನ್ನು ಮಡಚಿ ಚೀಲಕ್ಕೆ ತುರುಕಿದೆ. ಆದರೂ ಕಟ್ಟಿ ತಂದ ರೊಟ್ಟಿ ಹಾಳಾಗಲಿಲ್ಲ. ಶೇಂಗಾ ಹಿಂಡಿ ಹಚ್ಚಿ ಕೊಟ್ಟರೆ ಆ ಹುಡುಗಿ, "ಅವ್ವನ ಕೈಯಾಗಿಂದು ತಿಂದಂಗಾತ್ರಿ" ಎನ್ನುತ್ತಾ ಇನ್ನೊಂದು ಕೇಳಿದಳು. ದೇವಿ ಆ ದಿನಕ್ಕೆ ಅಷ್ಟು ಕೊಟ್ಟಳು.

ಮುಂದೆ ಸ್ಕ್ಯಾನ್ ಆಯಿತು. ಸದ್ಯಕ್ಕೆ ಎಲ್ಲೂ ಏನೂ ಕಾಣುತ್ತಿಲ್ಲ, ತಪಾಸಣೆಗೆ ಮಾತ್ರ ಬರುತ್ತಿರಿ ಎಂದರು ಡಾಕ್ಟರು. ವಾಸ್ಕೋದಲ್ಲಿ ಬಸ್ಸಿಳಿದವರೇ ಯಜಮಾನರು ಹೂವಿನವಳ ಮುಂದೆ ನಿಂತು ಅಬ್ಬಲಿಗೆ ದಂಡೆ ಕೊಂಡರು.

"ಬ್ಯಾಡ್ರಿ. ಹರಕಿ ಮುಗದಿಲ್ಲ. ರಕ್ತ ಎಲ್ಲಿ ಸೋಸೇತಿ?"

"ಹುಚ್ಚಿ, ಎಲ್ಲಮ್ಮನ್ನ ನೀ ಏನ್ ಕೇಳಿದ್ದಿ? ನಾ ಉಳೀಲಿ ಅಂತೋ, ಮಶೀನ್ ಓಡ್ಲಿ ಅಂತೋ?"

ನಾನೇ ಮುಡಿಯಲು ಧೈರ್ಯ ಸಾಲದೆ ದಂಡೆಯನ್ನು ಗುಡಿಗೆ ಒಯ್ದು ದೇವಿಗೆ ಏರಿಸಿದೆ. ಪೂಜಾರಿಯ ಹೆಂಡತಿ ನನ್ನ ಮಾತೆಲ್ಲ ಕೇಳಿ, ದಂಡೆಯನ್ನು ನಡುವೆ ಹರಿದಳು. ಅರ್ಧ ದೇವಿಗೆ ಬಿಟ್ಟು, ಅರ್ಧವನ್ನು ತಾನೇ ನನ್ನ ತುರುಬಿಗೆ ಸಿಕ್ಕಿಸಿದಳು.

ಮನೆಯ ಏರಿನಲ್ಲಿ ಇವರು ಒಂದೇ ಕಡೆ ಕೂತರು. "ಪೂರಾ ದಂಡಿ ತಂದಿದ್ನಲ್ಲ, ಇಷ್ಟ ಗಿಡ್ಡ ಆತು" ಎಂದು ಗೊಣಗಿದರು.

"ಇಷ್ಟ ಸಾಕ್ರಿ," ಅಂದೆ. "ಏಳ್ರಿ, ಅನ್ನಕ್ಕಿಡಬೇಕು."